ಸದಾಹರು ಓ ಆಟಗಾರರಾಗಿ ಗೆದ್ದಂತೆ ಮ್ಯಾನೇಜರ್ ಆಗಿಯೂ ಗೆದ್ದರೇ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಬೇಸ್‌ಬಾಲ್‌ನಲ್ಲಿ ಅಸಾಧಾರಣ ಆಟಗಾರರಾಗಿದ್ದವರು ಒಳ್ಳೆಯ ಮ್ಯಾನೇಜರ್ ಆಗುವುದು ಅಪರೂಪ ಎನ್ನುತ್ತಾರೆ, ಹಾಗಾದರೆ 868 ಹೋಂ ರನ್ (ಚೆಂಡನ್ನು ಮೈದಾನದ ಬೇಲಿಯಾಚೆ ಕಳಿಸುವ ಹೊಡೆತ, ನಮ್ಮ ಸಿಕ್ಸರ್‌ನಂಥದ್ದು) ಬಾರಿಸಿದ ಜಪಾನಿನ ಸದಾಹರು ಓ ಆ ಮಾತಿಗೆ ಅಪವಾದವೇ, ಅವರ ಬದುಕು ಹೇಗಿತ್ತು? ಆ ಮಾತು ಮ್ಯಾನೇಜರ್ ಆಗಿ ಅವರ ಮೊದಲ ಒಂಬತ್ತು ಋತುಗಳ ಮಟ್ಟಿಗೆ ಹೆಚ್ಚುಕಡಿಮೆ ಪೂರ್ತಿ ನಿಜವಾಯಿತು, ಹತ್ತನೆಯ ಋತುವಿನಿಂದ ಸುಳ್ಳಾಯಿತು ಎಂಬುದು ನನ್ನ ಉತ್ತರ. ನಡುವೆ ಏನು ಬದಲಾಯಿತು ಎಂಬುದನ್ನು ವಿವರಿಸಲು ಪ್ರಯತ್ನಿಸುತ್ತೇನೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಬೇಸ್‌ಬಾಲ್‌ನ ಮ್ಯಾನೇಜರ್ ಎಂದರೆ ಹೋಟೆಲ್ ಬುಕ್ ಮಾಡುವ, ಭತ್ಯೆ ಹಂಚುವ ಅಧಿಕಾರಿಯಲ್ಲ. ಕ್ರಿಕೆಟ್‌ನಲ್ಲಿ ನಾಯಕ ಮೈದಾನದಲ್ಲಿ ನಿಂತು ಮಾಡುವ ಬಹುಪಾಲು ತೀರ್ಮಾನಗಳನ್ನು ಇಲ್ಲಿ ಮ್ಯಾನೇಜರ್ ಅಂಚಿನ ಡಗ್‌ಔಟ್‌ನಲ್ಲಿ ಕುಳಿತು ಮಾಡುತ್ತಾರೆ: ಯಾರು ಎಷ್ಟನೆಯವರಾಗಿ ಬ್ಯಾಟ್ ಮಾಡಬೇಕು, ದಣಿದ ಪಿಚರ್‌ನನ್ನು, ಅಂದರೆ ಚೆಂಡೆಸೆಯುವವನನ್ನು, ಯಾವ ಕ್ಷಣದಲ್ಲಿ ತೆಗೆಯಬೇಕು, ಯಾರ ಬದಲಿಗೆ ಯಾರನ್ನು ಇಳಿಸಬೇಕು. ಎಪ್ಪತ್ತು ವರ್ಷ ವಯಸ್ಸಾಗಿದ್ದರೂ ಅವರು ಆಟಗಾರರಂತೆಯೇ ಸಮವಸ್ತ್ರ ತೊಡುತ್ತಾರೆ, ಬೆನ್ನ ಮೇಲೆ ಸಂಖ್ಯೆಯೂ ಇರುತ್ತದೆ. ನಾನು 2003ರಿಂದ ಮೂರು ವರ್ಷ ಕೆಲಸದ ನಿಮಿತ್ತ ಫುಕುವೋಕಾ ನಗರದಲ್ಲಿದ್ದಾಗ ಓ ಅವರನ್ನು ದೂರದಿಂದ ಕಂಡದ್ದು ಹಾಗೆಯೇ. ಅವರ ಬೆನ್ನಿನ ಸಂಖ್ಯೆ 89. ಜಪಾನಿ ಭಾಷೆಯಲ್ಲಿ ಎಂಟು ಮತ್ತು ಒಂಬತ್ತನ್ನು ಕೂಡಿಸಿ ಓದಿದರೆ ‘ಯಾಕ್ಯೂ’ ಎಂದಾಗುತ್ತದೆ, ಅಂದರೆ ಬೇಸ್‌ಬಾಲ್. ಒಂಬತ್ತು ಇನಿಂಗ್ಸ್‌ಗಳ ಪಂದ್ಯದ ಏಳನೆಯ ಇನಿಂಗ್ಸ್‌ನಲ್ಲಿ ಇಡೀ ಕ್ರೀಡಾಂಗಣ ಉದ್ದನೆಯ ಹಳದಿ ಬಲೂನುಗಳನ್ನು ಊದಿ ಒಮ್ಮೆಲೇ ಬಿಟ್ಟಾಗ ಅವು ಸಿಳ್ಳೆ ಹಾಕುತ್ತ ಮೇಲೇರಿ ಬಿದ್ದುಹೋಗುವುದನ್ನು ನೋಡುತ್ತ ನಾನು ಆಟದ ನಿಯಮಗಳನ್ನು ಕಲಿತೆ.

ಅವರ ಹೆಸರಿನಿಂದಲೇ ಆರಂಭಿಸಬಹುದು. ನಮ್ಮಲ್ಲಿ ‘ಓ’ ಎಂದರೆ ಯಾರಾದರೂ ಕರೆದಾಗ ಓಗೊಡುವ ದನಿ. ಅಲ್ಲಿ ಆ ಒಂದೇ ಅಕ್ಷರಕ್ಕೆ ರಾಜ ಎಂಬ ಅರ್ಥ. ಚೀನಿಯರು ಅದೇ ಅಕ್ಷರವನ್ನು ವಾಂಗ್ ಎಂದು ಓದುತ್ತಾರೆ. ಅದು ಚೀನೀ ಮನೆತನದ ಹೆಸರು, ಏಕೆಂದರೆ ಓ ಅವರ ತಂದೆ ಚೀನಾದ ಝೆಜಿಯಾಂಗ್ ಪ್ರಾಂತ್ಯದಿಂದ ಬಂದು ಟೋಕಿಯೋದಲ್ಲಿ ಸಣ್ಣದೊಂದು ಚೀನೀ ಊಟದ ಹೋಟೆಲ್ ನಡೆಸುತ್ತಿದ್ದವರು. ತಾಯಿ ಜಪಾನಿ. ಓ ಹುಟ್ಟಿದ್ದು 1940ರ ಮೇ 20ರಂದು. ಹುಟ್ಟಿ ಬೆಳೆದದ್ದು, ಆಡಿದ್ದು ಎಲ್ಲವೂ ಜಪಾನಿನಲ್ಲಿಯೇ ಆದರೂ ತಂದೆಯಿಂದ ಬಂದ ಪೌರತ್ವವನ್ನೇ ಅವರು ಉಳಿಸಿಕೊಂಡರು. ಕಾಗದಪತ್ರಗಳ ಪ್ರಕಾರ ಅವರು ಚೀನಾ ಗಣರಾಜ್ಯದ, ಅಂದರೆ ಇಂದಿನ ತೈವಾನಿನ ಪ್ರಜೆ.

ಇದರ ಪೆಟ್ಟು ಅವರಿಗೆ ಹದಿಹರೆಯದಲ್ಲಿಯೇ ಬಿತ್ತು. ವಾಸೆದಾ ಜಿತ್ಸುಗ್ಯೋ ಪ್ರೌಢಶಾಲೆಯ ಪಿಚರ್ ಆಗಿದ್ದ ಅವರು 1957ರ ವಸಂತದಲ್ಲಿ, ಬೆರಳಿನ ಗುಳ್ಳೆ ಒಡೆದು ಚೆಂಡಿಗೆ ರಕ್ತ ಮೆತ್ತುತ್ತಿದ್ದರೂ ಎಸೆಯುವುದನ್ನು ನಿಲ್ಲಿಸದೆ, ಕೋಶಿಯೆನ್ ಕ್ರೀಡಾಂಗಣದ ರಾಷ್ಟ್ರೀಯ ಶಾಲಾ ಪಂದ್ಯಾವಳಿಯನ್ನು ಶಾಲೆಗೆ ಗೆದ್ದುಕೊಟ್ಟರು. ಅದೇ ವರ್ಷ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಶಾಲೆಯ ತಂಡ ಆಯ್ಕೆಯಾದಾಗ, ಜಪಾನಿನ ಪ್ರಜೆಯಲ್ಲದವರಿಗೆ ಅವಕಾಶವಿಲ್ಲ ಎಂಬ ನಿಯಮ ಹೇಳಿ ಅವರನ್ನೊಬ್ಬರನ್ನೇ ಹೊರಗಿಟ್ಟರು.

ಅವರ ಬದುಕಿನ ದಿಕ್ಕು ಬದಲಿಸಿದ ಭೇಟಿ ಅದಕ್ಕೂ ಮೊದಲೇ ಆಗಿಹೋಗಿತ್ತು. 1954ರಲ್ಲಿ ಸುಮಿದಾ ನದಿಯ ಬಳಿಯ ಉದ್ಯಾನದ ಮೈದಾನದಲ್ಲಿ ಒಬ್ಬ ಹುಡುಗ ಎಡಗೈಯಲ್ಲಿ ಚೆಂಡೆಸೆಯುತ್ತ, ಬ್ಯಾಟ್ ಹಿಡಿಯುವಾಗ ಮಾತ್ರ ಬಲಗೈಯವರಂತೆ ನಿಲ್ಲುತ್ತಿದ್ದುದನ್ನು ಆ ದಾರಿಯಲ್ಲಿ ಬಂದ ಹಿರೋಶಿ ಅರಕಾವಾ ಎಂಬ ವೃತ್ತಿಪರ ಆಟಗಾರ ಗಮನಿಸಿ, ಎಡಗಡೆಯಿಂದ ಏಕೆ ಹೊಡೆಯಬಾರದು ಎಂದು ಕೇಳಿದರಂತೆ. ಹುಡುಗ ಮರುಮಾತಿಲ್ಲದೆ ಎಡಕ್ಕೆ ತಿರುಗಿ ನಿಂತು ಹೊಡೆದ. ಎಂಟು ವರ್ಷಗಳ ನಂತರ ಇದೇ ಅರಕಾವಾ ಮತ್ತೆ ಬರುತ್ತಾರೆ.

1959ರಲ್ಲಿ ಓ ದೇಶದ ಅತ್ಯಂತ ಪ್ರತಿಷ್ಠಿತ ತಂಡವಾದ ಯೊಮಿಯುರಿ ಜೈಂಟ್ಸ್ ಸೇರಿದರು. ಪಿಚಿಂಗ್ ಬಿಡಿಸಿ ಮೊದಲ ಬೇಸ್‌ನಲ್ಲಿ (ರನ್ ಗಳಿಸಲು ಓಟಗಾರ ಸುತ್ತಿ ಬರಬೇಕಾದ ನಾಲ್ಕು ನೆಲೆಗಳಲ್ಲಿ ಮೊದಲನೆಯದು) ನಿಲ್ಲಿಸಿದರು. ಮೊದಲ 26 ಅವಕಾಶಗಳಲ್ಲಿ ಒಂದು ಹಿಟ್, ಅಂದರೆ ಔಟಾಗದೆ ಬೇಸ್ ತಲುಪಿಸುವ ಹೊಡೆತ, ಕೂಡ ಬರಲಿಲ್ಲ. ಇಪ್ಪತ್ತೇಳನೆಯದು ಹೋಂ ರನ್ ಆಯಿತು. ಅದನ್ನು ಶುಭಶಕುನ ಎಂದುಕೊಂಡವರಿಗೆ ಆ ವರ್ಷದ ಸರಾಸರಿ ನಿರಾಸೆ ತಂದಿತು: .161, ಅಂದರೆ ಹತ್ತರಲ್ಲಿ ಎರಡು ಸಲವೂ ಚೆಂಡು ನೆಟ್ಟಗೆ ಬೀಳಲಿಲ್ಲ. ಮುಂದಿನ ಎರಡು ವರ್ಷ 17 ಮತ್ತು 13 ಹೋಂ ರನ್. ರಾತ್ರಿ ಗಿಂಜಾದ ಬಾರ್‌ಗಳಲ್ಲಿ ಕಾಲ ಕಳೆಯುವ ಅಭ್ಯಾಸವೂ ಸೇರಿಕೊಂಡಿತ್ತು. ಗ್ಯಾಲರಿಯಲ್ಲಿ ಕುಳಿತವರು ಅವರ ಹೆಸರನ್ನೇ ತಿರುಚಿ ‘ಓ, ಓ, ಸನ್‌ಶಿನ್ ಓ’ ಎಂದು ಕೂಗುತ್ತಿದ್ದರು. ಸ್ಟ್ರೈಕ್‌ಔಟ್‌ಗಳ, ಅಂದರೆ ಮೂರು ಚೆಂಡು ತಪ್ಪಿ ಔಟಾಗುವವರ, ರಾಜ ಎಂದು ಅದರ ಅರ್ಥ.

1962ರಲ್ಲಿ ಅರಕಾವಾ ಜೈಂಟ್ಸ್ ತಂಡದ ಬ್ಯಾಟಿಂಗ್ ಕೋಚ್ ಆಗಿ ಬಂದರು. ಓ ಅವರ ದೋಷವೇನೆಂದರೆ ಚೆಂಡು ಬರುವ ಮೊದಲೇ ಅವರ ದೇಹ ಮುಂದಕ್ಕೆ ಜಾರಿಬಿಡುತ್ತಿತ್ತು. ಬ್ಯಾಟ್ ಬರುವ ಹೊತ್ತಿಗೆ ಭಾರವೆಲ್ಲ ಖರ್ಚಾಗಿ ಹೋಗಿರುತ್ತಿತ್ತು. ಜುಲೈ 1ರಂದು ಕಾವಾಸಾಕಿಯಲ್ಲಿ ತೈಯೋ ತಂಡದ ವಿರುದ್ಧ ಪಂದ್ಯ. ಬೆಳಗ್ಗೆ ಕೋಚ್‌ಗಳ ಸಭೆಯಲ್ಲಿ, ಓ ಬಾರಿಸದೆ ತಂಡ ಸೋಲುತ್ತಿದೆ ಎಂದು ಅರಕಾವಾ ಅವರನ್ನು ಟೀಕಿಸಲಾಯಿತು. ಅವರು ನೇರವಾಗಿ ಓ ಬಳಿ ಬಂದು, ಇವತ್ತು ಬಲಗಾಲು ಎತ್ತಿ ಒಂಟಿಕಾಲಿನಲ್ಲಿ ನಿಂತು ಹೊಡೆ ಎಂದು ಆಜ್ಞಾಪಿಸಿದರು. ಕಾಲು ಎತ್ತಿ ನಿಂತವನಿಗೆ ಮುಂದಕ್ಕೆ ಜಾರಲು ಆಗುವುದಿಲ್ಲ, ಜಾರಿದರೆ ಬೀಳುತ್ತಾನೆ, ಉಪಾಯ ಇಷ್ಟೇ. ಅಂದು ಮೊದಲ ಸಲ ಒಂದು ಹಿಟ್, ಎರಡನೆಯ ಸಲ ಹೋಂ ರನ್. ಆ ವರ್ಷ ಒಟ್ಟು 38 ಹೋಂ ರನ್ ಆಗಿ ಲೀಗ್‌ನಲ್ಲಿ ಮೊದಲ ಸ್ಥಾನ ಬಂದಿತು, ಅಲ್ಲಿಂದ ಸತತ ಹದಿಮೂರು ವರ್ಷ ಆ ಸ್ಥಾನ ಅವರನ್ನು ಬಿಡಲಿಲ್ಲ.

ಒಂದು ದಿನ ಫಲಿಸಿದ್ದನ್ನು ಜೀವನದುದ್ದಕ್ಕೂ ಫಲಿಸುವಂತೆ ಮಾಡುವುದೇ ಕಷ್ಟದ ಕೆಲಸ, ಅದು ನಡೆದದ್ದು ಅರಕಾವಾ ಮನೆಯ ಕೋಣೆಯಲ್ಲಿ. ಐಕಿಡೊ ಎಂಬ ಜಪಾನಿ ಸಮರಕಲೆಯಿಂದ ಸಮತೋಲನದ ಪಾಠ ತೆಗೆದುಕೊಂಡರು. ಚಾವಣಿಯಿಂದ ಒಂದು ಕಾಗದದ ಪಟ್ಟಿಯನ್ನು ಇಳಿಬಿಟ್ಟು ನಿಜವಾದ ಸಮುರಾಯ್ ಕತ್ತಿಯಿಂದ ಅದನ್ನು ಕತ್ತರಿಸುವ ಅಭ್ಯಾಸ ಮಾಡಿದರು. ಇದನ್ನು ಓದಿದಾಗ ನನಗೆ ಅತಿರಂಜಿತ ಕಥೆಯಂತೆ ಕಂಡಿತ್ತು. ಒಂದು ಭಾನುವಾರ ಪತ್ರಿಕೆಯ ಅಂಚನ್ನು ಹರಿದು ಫ್ಯಾನಿಗೆ ದಾರದಿಂದ ಕಟ್ಟಿ, ಮಗನ ಮರದ ಸ್ಕೇಲ್‌ನಿಂದ ಬೀಸಿ ನೋಡಿದೆ. ಕಾಗದ ಪ್ರತಿ ಸಲವೂ ನಯವಾಗಿ ಬಾಗಿ ಸ್ಕೇಲ್‌ಗೆ ದಾರಿ ಬಿಟ್ಟು ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಂತಿತು. ಬಲ ಹೆಚ್ಚು ಹಾಕಿದಷ್ಟೂ ಬೀಸಿನ ಗಾಳಿಗೇ ಅದು ಮೊದಲೇ ಸರಿದುಹೋಗುತ್ತಿತ್ತು. ಕತ್ತಿಯ ಅಲಗು ಒಂದಿಷ್ಟೂ ಓರೆಯಾಗದೆ, ತೋಳಿನ ಬಿಗಿಯಿಲ್ಲದೆ ಬಂದರೆ ಮಾತ್ರ ಆ ಪಟ್ಟಿ ತುಂಡಾಗುತ್ತದೆ, ಹಾಗಾಗಿ ಆ ಅಭ್ಯಾಸ ಶಕ್ತಿಯದಲ್ಲ, ಬ್ಯಾಟಿನ ದಾರಿಯದು ಎಂದು ಸ್ಕೇಲ್ ಕೆಳಗಿಟ್ಟ ಮೇಲೆ ಅರ್ಥವಾಯಿತು.

ಆನಂತರದ ಅಂಕಿಸಂಖ್ಯೆಗಳನ್ನು ಬೇಗ ಮುಗಿಸುತ್ತೇನೆ. 1964ರಲ್ಲಿ ಒಂದೇ ಋತುವಿನಲ್ಲಿ 55 ಹೋಂ ರನ್. 1973 ಮತ್ತು 1974ರಲ್ಲಿ ಸರಾಸರಿ, ಹೋಂ ರನ್, ತಮ್ಮ ಹೊಡೆತದಿಂದ ತಂಡಕ್ಕೆ ರನ್ ತಂದುಕೊಟ್ಟದ್ದು ಈ ಮೂರರಲ್ಲೂ ಮೊದಲಿಗರಾದರು. ಒಂಬತ್ತು ಸಲ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು. ಮೂರನೆಯ ಬೇಸ್‌ನ ಶಿಗೆಯೊ ನಾಗಶಿಮಾ ಜೊತೆ ಸೇರಿ 1965ರಿಂದ 1973ರವರೆಗೆ ಜೈಂಟ್ಸ್ ತಂಡಕ್ಕೆ ಸತತ ಒಂಬತ್ತು ಜಪಾನ್ ಸೀರೀಸ್ (ಎರಡು ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿ) ಗೆದ್ದುಕೊಟ್ಟರು. 1977ರ ಸೆಪ್ಟೆಂಬರ್ 3ರಂದು ಕೊರಾಕುಯೆನ್‌ನಲ್ಲಿ ಯಾಕುಲ್ಟ್ ತಂಡದ ಯಾಸುಜಿರೊ ಸುಜುಕಿ ಎಸೆದ ಚೆಂಡನ್ನು ಬಾರಿಸಿ 756ನೆಯ ಹೋಂ ರನ್‌ನೊಂದಿಗೆ ಅಮೆರಿಕದ ಹ್ಯಾಂಕ್ ಆರನ್ ಅವರ ಸಂಖ್ಯೆಯನ್ನು ದಾಟಿದರು. ಪ್ರಧಾನಿ ತಾಕೆಯೊ ಫುಕುದಾ ಸರ್ಕಾರ ಹೊಸದಾಗಿ ಸ್ಥಾಪಿಸಿದ ರಾಷ್ಟ್ರೀಯ ಗೌರವ ಪ್ರಶಸ್ತಿಯ ಮೊದಲ ಪುರಸ್ಕೃತರು ಇವರೇ; ಇಪ್ಪತ್ತು ವರ್ಷಗಳ ಹಿಂದೆ ಪೌರತ್ವದ ನೆಪದಲ್ಲಿ ಕ್ರೀಡಾಕೂಟದಿಂದ ಹೊರಗಿಟ್ಟ ದೇಶವೇ ಅದನ್ನು ಕೊಟ್ಟಿತು. ಜಪಾನಿನ ಮೈದಾನಗಳು ಚಿಕ್ಕವು, ಅಮೆರಿಕದ ದಾಖಲೆಯೊಂದಿಗೆ ಹೋಲಿಸಬಾರದು ಎಂಬ ಆಕ್ಷೇಪ ಅಂದಿನಿಂದಲೂ ಇದೆ, ಅದರಲ್ಲಿ ತಥ್ಯವೂ ಇದೆ. ಅವರು ಆಡಿದ ಋತುಗಳು ಹೆಚ್ಚಾಗಿ 130ರಿಂದ 140 ಪಂದ್ಯಗಳವು, ಅಮೆರಿಕದಲ್ಲಿ 162 ಎಂಬುದನ್ನೂ ಅದೇ ತಕ್ಕಡಿಯಲ್ಲಿ ಇಡಬೇಕು. 1980ರಲ್ಲಿ 30 ಹೋಂ ರನ್ ಹೊಡೆದರೂ ಸರಾಸರಿ .236ಕ್ಕೆ ಇಳಿದಿತ್ತು, ನಿವೃತ್ತರಾದರು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಮೂರು ವರ್ಷ ಸಹಾಯಕರಾಗಿದ್ದು 1984ರಲ್ಲಿ ಅವರು ಜೈಂಟ್ಸ್ ಮ್ಯಾನೇಜರ್ ಆದರು. ಪ್ರತಿವರ್ಷ ಗೆಲ್ಲಲೇಬೇಕೆಂದು ನಿರೀಕ್ಷಿಸುವ ಆ ತಂಡಕ್ಕೆ ಎರಡು ವರ್ಷ ಮೂರನೆಯ ಸ್ಥಾನ ಬಂದಿತು. 1986ರಲ್ಲಿ ಇನ್ನೂ ವಿಚಿತ್ರ: ಜೈಂಟ್ಸ್ 75 ಪಂದ್ಯ ಗೆದ್ದರೆ ಹಿರೋಶಿಮಾ 73 ಗೆದ್ದಿತು, ಆದರೆ ಡ್ರಾ ಆದ ಪಂದ್ಯಗಳನ್ನು ಬಿಟ್ಟು ಶೇಕಡಾವಾರು ಲೆಕ್ಕ ಹಾಕುವ ಪದ್ಧತಿಯಿಂದಾಗಿ ಪಟ್ಟ ಹಿರೋಶಿಮಾಕ್ಕೆ ಹೋಯಿತು. ತಂಡ ಸಂಕಷ್ಟದಲ್ಲಿದ್ದಾಗಲೆಲ್ಲ ಯೊಶಿತಾಕಾ ಕಾತೊರಿ ಎಂಬ ಒಬ್ಬನೇ ಪಿಚರ್‌ನನ್ನು ಕರೆಯುವ ಅವರ ಅಭ್ಯಾಸ ಎಷ್ಟು ಹೆಸರಾಯಿತೆಂದರೆ ‘ಪಿಚರ್ ಕಾತೊರಿ’ ಎಂಬುದು ಜನರ ಬಾಯಲ್ಲಿ ಒಂದು ಗೇಲಿಯ ಮಾತಾಯಿತು. ನಂಬಿದ ಒಬ್ಬನ ಮೇಲೆ ಎಲ್ಲವನ್ನೂ ಹೇರುವುದು ತಾನೊಬ್ಬನೇ ಎಲ್ಲವನ್ನೂ ಹೊತ್ತು ಅಭ್ಯಾಸವಾದವರ ದೋಷ ಎಂದು ನನಗನ್ನಿಸುತ್ತದೆ.

1987ರಲ್ಲಿ ಲೀಗ್ ಗೆದ್ದು ಜಪಾನ್ ಸೀರೀಸ್‌ನಲ್ಲಿ ಸೇಯಿಬು ತಂಡವನ್ನು ಎದುರಿಸಿದರು. ಆ ತಂಡದ ಮ್ಯಾನೇಜರ್ ಮಸಾಕಿ ಮೋರಿ, ಓ ಜೊತೆಗೆ ಜೈಂಟ್ಸ್‌ನಲ್ಲಿ ಆಡಿದ ಕ್ಯಾಚರ್, ನಮ್ಮ ವಿಕೆಟ್‌ಕೀಪರ್‌ನಂಥವರು. ಬ್ಯಾಟಿಂಗ್‌ನಲ್ಲಿ ಓ ಅವರ ಹತ್ತಿರಕ್ಕೂ ಬರುವವರಲ್ಲ. ಮ್ಯಾನೇಜರ್ ಆಗಿ ಆರು ಸಲ ಜಪಾನ್ ಸೀರೀಸ್ ಗೆದ್ದವರು. ನೀವು ಕೇಳಿದ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆರನೆಯ ಪಂದ್ಯದ ಎಂಟನೆಯ ಇನಿಂಗ್ಸ್‌ನಲ್ಲಿ ಸೇಯಿಬುವಿನ ಹತ್ಸುಹಿಕೊ ತ್ಸುಜಿ ಮೊದಲ ಬೇಸ್‌ನಲ್ಲಿದ್ದಾಗ ಕೋಜಿ ಅಕಿಯಾಮಾ ಮಧ್ಯಮೈದಾನಕ್ಕೆ ಸಾಧಾರಣ ಹಿಟ್ ಒಂದನ್ನು ಹೊಡೆದರು. ಅಂಥ ಹೊಡೆತಕ್ಕೆ ಓಟಗಾರ ಮೂರನೆಯ ಬೇಸ್ ತಲುಪಿದರೆ ದೊಡ್ಡದು. ಜೈಂಟ್ಸ್‌ನ ವಾರೆನ್ ಕ್ರೊಮಾರ್ಟಿ ಚೆಂಡನ್ನು ಆತುರವಿಲ್ಲದೆ ಹಿಂದಕ್ಕೆ ಎಸೆಯುತ್ತಾರೆ ಎಂಬುದನ್ನು ಸೇಯಿಬುವಿನ ಮೂರನೆಯ ಬೇಸ್ ಕೋಚ್ ಹರುಕಿ ಇಹಾರಾ ಮೊದಲೇ ಗುರುತಿಟ್ಟುಕೊಂಡಿದ್ದರು. ಅವರು ಕೈ ಬೀಸಿದರು, ತ್ಸುಜಿ ನಿಲ್ಲದೆ ಓಡಿ ಕೊನೆಯ ನೆಲೆಯಾದ ಹೋಂ ಬೇಸನ್ನೇ ತಲುಪಿ ರನ್ ಗಳಿಸಿಬಿಟ್ಟರು. ಪಂದ್ಯ 3-1, ಸೀರೀಸ್ ಸೇಯಿಬುವಿಗೆ. ಓ ಪ್ರತಿದಿನ ನೋಡುತ್ತಿದ್ದ ತಮ್ಮದೇ ಆಟಗಾರನ ಸಣ್ಣ ಆಲಸ್ಯವನ್ನು ಎದುರಾಳಿ ಕೋಚ್ ಲೆಕ್ಕಕ್ಕೆ ತೆಗೆದುಕೊಂಡಿದ್ದ. ಮರುವರ್ಷ ಎರಡನೆಯ ಸ್ಥಾನ ಬಂದಾಗ ಓ ಹುದ್ದೆ ಬಿಡಬೇಕಾಯಿತು.

ಆ ಸೀರೀಸ್‌ನ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ: ಹಿಟ್ ಹೊಡೆದ ಅಕಿಯಾಮಾ, ಮತ್ತು ಸೀರೀಸ್‌ನ ಅತ್ಯುತ್ತಮ ಆಟಗಾರನಾದ ಪಿಚರ್ ಕಿಮಿಯಾಸು ಕುದೋ.

1995ರಲ್ಲಿ ಓ ಫುಕುವೋಕಾದ ದಾಯೆಯಿ ಹಾಕ್ಸ್ ತಂಡದ ಮ್ಯಾನೇಜರ್ ಆದರು. ಒಸಾಕಾದಿಂದ ಬಂದ ಈ ತಂಡ 1978ರಿಂದಲೂ ಆರು ತಂಡಗಳ ಲೀಗ್‌ನಲ್ಲಿ ಮೇಲಿನ ಮೂರರೊಳಗೆ ಬಂದಿರಲಿಲ್ಲ. ಅವರನ್ನು ಕರೆತಂದದ್ದು ರಿಕುವೊ ನೆಮೊತೊ, ಹಿಂದೆ ಸೇಯಿಬು ತಂಡವನ್ನು ಕಟ್ಟಿದ ವ್ಯಕ್ತಿ. ಅಕಿಯಾಮಾ ಆಗಲೇ ಅಲ್ಲಿಗೆ ಬಂದಿದ್ದರು, ಕುದೋ ಅದೇ ವರ್ಷ ಸೇರಿದರು. ಅಂದರೆ 1987ರಲ್ಲಿ ಓ ಅವರನ್ನು ಸೋಲಿಸಿದ ತಂಡದ ಶಿಲ್ಪಿ, ಬ್ಯಾಟ್ಸ್‌ಮನ್, ಪಿಚರ್ ಮೂವರೂ ಈಗ ಅವರ ಪಕ್ಕದಲ್ಲಿದ್ದರು.

ಗೆಲುವು ಕೂಡಲೇ ಬರಲಿಲ್ಲ. ಮೊದಲ ವರ್ಷ ಐದನೆಯ ಸ್ಥಾನ, ಎರಡನೆಯ ವರ್ಷ ಕೊನೆಯದು. 1996ರ ಮೇ 9ರಂದು ಒಸಾಕಾದ ನಿಸ್ಸೇಯಿ ಕ್ರೀಡಾಂಗಣದಲ್ಲಿ ಸೋತು ಹೊರಟಾಗ ಹಾಕ್ಸ್ ಅಭಿಮಾನಿಗಳೇ ತಂಡದ ಬಸ್ಸನ್ನು ಸುತ್ತುವರಿದು ಕೋಳಿಮೊಟ್ಟೆ ತೂರಿದರು. ಕಿಟಕಿಗಳ ಮೇಲೆ ಲೋಳೆ ಇಳಿಯುತ್ತಿದ್ದ ಆ ಬಸ್ಸಿನಲ್ಲಿ ಇದ್ದದ್ದು ದೇಶದ ಹೋಂ ರನ್ ರಾಜ. ಇಷ್ಟು ಕೋಪ ಮಾಡಿಕೊಳ್ಳುವವರೇ ನಿಜವಾದ ಅಭಿಮಾನಿಗಳು, ನಮಗೆ ಗೆಲ್ಲುವುದೊಂದೇ ದಾರಿ ಎಂಬರ್ಥದಲ್ಲಿ ಅವರು ಆಟಗಾರರಿಗೆ ಹೇಳಿದರೆಂದು ಆ ದಿನ ಅಲ್ಲಿದ್ದವರು ಮುಂದೆ ನೆನಪಿಸಿಕೊಂಡಿದ್ದಾರೆ. ‘ಸನ್‌ಶಿನ್ ಓ’ ಎಂಬ ಕೂಗನ್ನು ಮೂರು ವರ್ಷ ಕೇಳಿದ್ದವರಿಗೆ ಮಾತ್ರ ಹಾಗೆ ಹೇಳಲು ಸಾಧ್ಯ ಎಂದುಕೊಳ್ಳುತ್ತೇನೆ.

ಇಲ್ಲಿ ಅವರು ಬದಲಾದರು. ಎಲ್ಲವನ್ನೂ ತಾವೇ ಕಲಿಸಲು ಹೋಗದೆ, ಗೆದ್ದು ಗೊತ್ತಿದ್ದ ಹಿರಿಯರಿಗೆ ಜಾಗ ಬಿಟ್ಟುಕೊಟ್ಟರು. ಎಳೆಯ ಕ್ಯಾಚರ್ ಕೆಂಜಿ ಜೋಜಿಮಾನಿಗೆ ಚೆಂಡಿನ ಲೆಕ್ಕಾಚಾರ ಕಲಿಸಿದ್ದು ಬಹುಮಟ್ಟಿಗೆ ಕುದೋ. ಸೋತು ಸೋತು ಒಗ್ಗಿಹೋಗಿದ್ದ ತಂಡಕ್ಕೆ ಅಭ್ಯಾಸದ ಶಿಸ್ತು ಏನೆಂದು ತೋರಿಸಿದ್ದು ಅಕಿಯಾಮಾ. ಹಿರೋಕಿ ಕೊಕುಬೊ, ತದಹಿತೊ ಇಗುಚಿ, ನೊಬುಹಿಕೊ ಮತ್ಸುನಾಕಾ ಮುಂತಾದ ಕಿರಿಯರನ್ನು ಸೋಲಿನ ನಡುವೆಯೂ ಆಡಿಸುತ್ತಲೇ ಇದ್ದರು. 1999ರಲ್ಲಿ ಹಾಕ್ಸ್ ಲೀಗ್ ಗೆದ್ದು, ಚೂನಿಚಿ ತಂಡವನ್ನು ಮಣಿಸಿ ಜಪಾನ್ ಸೀರೀಸನ್ನೂ ಗೆದ್ದಿತು. ಆ ವರ್ಷ ಲೀಗ್‌ನ ಅತ್ಯುತ್ತಮ ಆಟಗಾರ ಕುದೋ, ಸೀರೀಸ್‌ನ ಅತ್ಯುತ್ತಮ ಆಟಗಾರ ಅಕಿಯಾಮಾ. ನೆಮೊತೊ ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು, ನೋಡಲಿಲ್ಲ.

ಮರುವರ್ಷ ನಾಗಶಿಮಾ ನೇತೃತ್ವದ ಜೈಂಟ್ಸ್ ಎದುರು ಮೊದಲ ಎರಡು ಪಂದ್ಯ ಗೆದ್ದು ಮುಂದಿನ ನಾಲ್ಕನ್ನೂ ಸೋತರು. 2003ರಲ್ಲಿ ಮತ್ತೆ ಗೆದ್ದರು. ಇಗುಚಿ, ಮತ್ಸುನಾಕಾ, ಜೋಜಿಮಾ, ಪೆಡ್ರೊ ವಾಲ್ಡೆಸ್ ಈ ನಾಲ್ವರೂ ತಲಾ ನೂರಕ್ಕಿಂತ ಹೆಚ್ಚು ರನ್ ತಂದುಕೊಟ್ಟ ಆ ಋತು ನಾನು ಫುಕುವೋಕಾದಲ್ಲಿ ಕಂಡ ಮೊದಲ ಋತು. ಹನ್‌ಶಿನ್ ತಂಡದ ವಿರುದ್ಧದ ಸೀರೀಸ್‌ನ ಏಳೂ ಪಂದ್ಯಗಳನ್ನು ಆತಿಥೇಯರೇ ಗೆದ್ದದ್ದರಿಂದ, ಕೊನೆಯ ಪಂದ್ಯ ನಮ್ಮೂರಲ್ಲಿ ಎಂಬ ಒಂದೇ ಕಾರಣಕ್ಕೆ ಆಫೀಸಿನಲ್ಲಿ ಆ ವಾರ ಯಾರಿಗೂ ಆತಂಕವಿರಲಿಲ್ಲ.

ಅವರನ್ನು ಮೆಚ್ಚುವವನಾಗಿ ಒಂದು ಕಳಂಕವನ್ನು ಮುಚ್ಚಿಡಲಾರೆ. 55 ಹೋಂ ರನ್‌ಗಳ ಅವರ ಋತು ದಾಖಲೆಯ ಹತ್ತಿರ ಬಂದವರಿಗೆ ಅವರ ತಂಡದ ಪಿಚರ್‌ಗಳು ಹೊಡೆಯಲು ಸಿಗುವಂಥ ಚೆಂಡನ್ನೇ ಕೊಡಲಿಲ್ಲ. 1985ರಲ್ಲಿ ಹನ್‌ಶಿನ್‌ನ ರ್‍ಯಾಂಡಿ ಬಾಸ್ 54ಕ್ಕೆ ನಿಂತರು. 2001ರಲ್ಲಿ ಅಮೆರಿಕದ ಟಫಿ ರೋಡ್ಸ್ 55 ಮುಟ್ಟಿದ ಮೇಲೆ ಹಾಕ್ಸ್ ಎದುರು ಮತ್ತೆ ಮತ್ತೆ, ಹೊಡೆಯಲಾಗದ ನಾಲ್ಕು ಚೆಂಡು ಎಸೆಸಿಕೊಂಡು, ಸುಮ್ಮನೆ ಮೊದಲ ಬೇಸ್‌ಗೆ ನಡೆಯಬೇಕಾಯಿತು. ಹಾಕ್ಸ್ ಕೋಚ್ ಒಬ್ಬರು ಹೊರದೇಶದವನು ದಾಖಲೆ ಮುರಿಯುವುದು ತಮಗಿಷ್ಟವಿಲ್ಲ ಎಂಬರ್ಥದಲ್ಲಿ ಬಹಿರಂಗವಾಗಿ ಹೇಳಿದಾಗ ಲೀಗ್‌ನ ಕಮಿಷನರ್ ಅದನ್ನು ಟೀಕಿಸಿದರು. ತಾವು ಸೂಚನೆ ಕೊಡಲಿಲ್ಲ ಎಂದು ಓ ಹೇಳಿದರು. ನಾನು ಅದನ್ನು ನಂಬುತ್ತೇನೆ. ಆದರೆ ಬೇಡವೆಂದು ತಡೆಯಲು ಒಂದು ಮಾತು ಸಾಕಿತ್ತು, ಹೊರದೇಶದವನೆಂದು ಬದಿಗೆ ನಿಂತ ಹುಡುಗನೇ ಆ ಮಾತನ್ನು ಗಟ್ಟಿಯಾಗಿ ಆಡಬೇಕಿತ್ತು. ಆ ದಾಖಲೆ 2013ರಲ್ಲಿ ವ್ಲಾದಿಮಿರ್ ಬಾಲೆಂಟಿಯನ್ 60 ಹೊಡೆದಾಗ ಮುರಿಯಿತು.

2006ರ ಮಾರ್ಚ್‌ನಲ್ಲಿ ರಾಷ್ಟ್ರ ತಂಡಗಳ ಪಂದ್ಯಾವಳಿಯಾದ ಮೊದಲ ವಿಶ್ವ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಜಪಾನ್ ತಂಡದ ಹೊಣೆ ಅವರದಾಗಿತ್ತು. ಕೊರಿಯಾ ಎದುರು ಎರಡು ಸಲ ಸೋತು, ಅಮೆರಿಕ ಎದುರು ಅಂಪೈರ್‌ನ ವಿವಾದಾತ್ಮಕ ತೀರ್ಪಿನ ಪಂದ್ಯವನ್ನೂ ಸೋತು, ಮೆಕ್ಸಿಕೊ ಅಮೆರಿಕವನ್ನು ಸೋಲಿಸಿದ್ದರಿಂದ ಮಾತ್ರ ಸೆಮಿಫೈನಲ್‌ಗೆ ತೂರಿಕೊಂಡ ತಂಡವದು. ಸೆಮಿಫೈನಲ್‌ನಲ್ಲಿ ಮತ್ತೆ ಕೊರಿಯಾ. ಫಾರ್ಮ್ ಕಳೆದುಕೊಂಡಿದ್ದ ಕೊಸುಕೆ ಫುಕುದೊಮೆ ಅವರನ್ನು ಓ ಅಂದು ಹೊರಗೆ ಕೂರಿಸಿದರು. ಏಳನೆಯ ಇನಿಂಗ್ಸ್‌ನಲ್ಲಿ ಇನ್ನೂ ಯಾರೂ ರನ್ ಗಳಿಸದಿದ್ದಾಗ ಅವರನ್ನೇ ಬದಲಿ ಬ್ಯಾಟ್ಸ್‌ಮನ್ ಆಗಿ ಇಳಿಸಿದರು, ಅವರು ಹೋಂ ರನ್ ಹೊಡೆದರು. ಪಂದ್ಯ 6-0. ಸ್ಯಾನ್ ಡಿಯೇಗೊದ ಫೈನಲ್‌ನಲ್ಲಿ ಕ್ಯೂಬಾವನ್ನು 10-6ರಿಂದ ಸೋಲಿಸಿದರು. ‘ಪಿಚರ್ ಕಾತೊರಿ’ ಕಾಲದ ಮ್ಯಾನೇಜರ್ ಆಗಿದ್ದರೆ ಫುಕುದೊಮೆಯನ್ನು ಮೊದಲಿನಿಂದಲೇ ಆಡಿಸುತ್ತಿದ್ದರು, ಇಲ್ಲವೇ ಮರೆತೇಬಿಡುತ್ತಿದ್ದರು ಎಂಬುದು ನನ್ನ ಊಹೆ.

ಅದಾದ ನಾಲ್ಕೇ ತಿಂಗಳಿಗೆ ಕ್ಯಾನ್ಸರ್ ಕಾರಣ ಅವರ ಹೊಟ್ಟೆಯ ಜಠರವನ್ನು ಪೂರ್ತಿ ತೆಗೆಯಬೇಕಾಯಿತು. ಮರುವರ್ಷ ಡಗ್‌ಔಟ್‌ಗೆ ಬಂದಾಗ ಸಮವಸ್ತ್ರ ಹೆಗಲಿನಿಂದ ಜೋತುಬಿದ್ದಂತೆ ಕಾಣುತ್ತಿತ್ತು. 2008ರಲ್ಲಿ ತಂಡ ಮತ್ತೆ ಕೊನೆಯ ಸ್ಥಾನಕ್ಕೆ ಇಳಿದಾಗ, ಒಟ್ಟು ಹತ್ತೊಂಬತ್ತು ಋತುಗಳ ನಂತರ, ಹುದ್ದೆ ತ್ಯಜಿಸಿದರು. ನಂತರ ಬಂದ ಮ್ಯಾನೇಜರ್ ಅಕಿಯಾಮಾ. ಅವರ ನಂತರ ಕುದೋ, ಐದು ಸಲ ಜಪಾನ್ ಸೀರೀಸ್ ಗೆದ್ದರು. 2024ರಲ್ಲಿ ಆ ಕುರ್ಚಿಗೆ ಬಂದು ಮೊದಲ ವರ್ಷವೇ ಹಾಕ್ಸ್ ಆಡುವ ಪೆಸಿಫಿಕ್ ಲೀಗ್ ಗೆದ್ದ ಕೊಕುಬೊ, 1996ರ ಮೇ ತಿಂಗಳ ಆ ರಾತ್ರಿ ಮೊಟ್ಟೆ ಬಿದ್ದ ಬಸ್ಸಿನಲ್ಲಿ ಕುಳಿತಿದ್ದ ಇಪ್ಪತ್ನಾಲ್ಕರ ಹುಡುಗ.